ಅಕ್ಕನ ಅಳು ಅಚ್ಚಿಗಿ ಹೋದದ್ದು

ನನ್ನ ಮೊದಲನೇ ಕಾದಂಬರಿ ನಮ್ಮಕ್ಕನ ಮಗಳನ್ನ ಅಕಿ ಮಡಿಲಿನಿಂದ ಕಸಗೊಂತು. ಇದನ್ನ ನಾನು ಎಲ್ಲೂ ಹೇಳಿಲ್ಲ. ಸಭಾದಾಗ ಹಾರ ಹಾಕಿ ಕುಂದ್ರಸ್ತಾರ, "ಅಮ್ಮಾರ, ನಿಮಗ ಕವಿತಾ ಬರಿಯಾಕ ಯಾರು ಕಲಿಸಿದ್ರು?" ಅಂತ ಕಾಲೇಜಿನ ಹುಡುಗ್ಯಾರು ಕೇಳ್ತಾರ. ಶಾಲಿ ಅಂತೀನಿ, ಹಾಸ್ಟೆಲಿನ ಲೈಬ್ರರಿ ಅಂತೀನಿ, ಅವತ್ತು ಬಾಯಿಗಿ ಏನು ಬರತದೋ ಅದನ್ನ ಅಂತೀನಿ. ಎಲ್ಲಾ ಸುಳ್ಳು. ನನಗ ಕವಿತಾ ಕಲಿಸಿದ್ದು ಅಳು. ಸುಮ್ಮನ ಕಣ್ಣೀರು ಸುರಿಸೋದಲ್ಲ, ಮಾತು ಕಟ್ಟಿ ಹಾಡಿ ಅಳೋದು. ಅದನ್ನ ಹೇಳಾಕ ಹೋದ್ರ ಅಕ್ಕನ ಮಾತು ಬರತದ, ಅಕ್ಕನ ಮಾತು ಬಂದ್ರ ನನ್ನ ಬಾಯಿ ಕಟ್ಟತದ. ಈಗ ಬರೀತೀನಿ. ಚಂದ ಬರೀಬೇಕಂತ ಆಸೆ ಇಲ್ಲ, ಚಂದ ಬರಿಯಾಕ ಹೋಗೇ ಕೆಟ್ಟೀನಿ.

ನಾವು ಲಂಬಾಣಿ ಮಂದಿ. ದೇವದುರ್ಗದ ಕಡೀ ನಮ್ಮ ತಾಂಡಾ. ಎಪ್ಪತ್ತರ ದಶಕದಾಗ ಅಲ್ಲಿಗಿ ಬಸ್ಸಿದ್ದಿಲ್ಲ, ಲೈಟಿದ್ದಿಲ್ಲ, ಅಕ್ಷರ ಕಲಿತ ಹೆಣ್ಣಂತೂ ಇದ್ದೇ ಇದ್ದಿಲ್ಲ. ನಮ್ಮಲ್ಲಿ ಹುಡುಗಿ ಮದುವಿ ಗೊತ್ತಾತಂದ್ರ ಅಕಿಗಿ ಮೊದಲು ಕಲಸೋದು ಅಳು. ಢಾವಲೋ ಅಂತೀವಿ ಅದಕ್ಕ. ಗಂಡನ ಮನಿಗಿ ಹೊಂಡೋ ದಿನ ಹುಡುಗಿ ಒಬ್ಬೊಬ್ಬರ ಕೊರಳಿಗಿ ಬಿದ್ದು ಹಾಡಿ ಅಳಬೇಕು. ಅಪ್ಪಗೊಂದು, ಅವ್ವಗೊಂದು, ಅಣ್ಣಗೊಂದು, ಹುಟ್ಟಿದ ಮನಿ ಬಾಗಲಿಗೂ ಒಂದು. ತಿಂಗಳಗಟ್ಲೆ ಹಿರಿ ಹೆಂಗಸರು ಮುಂದ ಕುಂದ್ರಿಸಿಗೊಂಡು ಕಲಿಸ್ತಾರ. ಕಲಿಸಿದ್ದನ್ನ ಹಂಗೇ ಒದರಿದ್ರ ನಡಿಯಂಗಿಲ್ಲ, ತನ್ನ ಹೊಟ್ಟ್ಯಾಗಿನದ್ದು ತಾನೇ ಕಟ್ಟಬೇಕು. ಮುಂದ ತವರಿಗಿ ಬಂದಾಗ, ಯಾರಾದ್ರೂ ಸತ್ತಾಗ, ಬಹಳ ದಿನಕ್ಕ ಭೇಟಿ ಆದಾಗ, ಹಂಗೇ ಒಬ್ಬರ ಕೊರಳಿಗಿ ಒಬ್ಬರು ಬಿದ್ದು ಅಳ್ತಾರ.

ಅವ್ವಗ ನಾವು ಯಾಡಿ ಅಂತೀವಿ. ನಮ್ಮ ಯಾಡಿ ಈ ಅಳು ಕಲಿಸೋದರಾಗ ದೊಡ್ಡ ಮಾಸ್ತರಿಣಿ. ಸುತ್ತಲಿನ ತಾಂಡಾದವರು ಹುಡುಗ್ಯಾರ್ನ ಅಕಿ ಹತ್ರ ಕಳಸ್ತಿದ್ರು. "ಏನ್ ಅಳ್ತೀಯೇ, ಗಂಟಲಾಗ ರೊಟ್ಟಿ ಸಿಕ್ಕಂಗ? ನಿಮ್ಮಪ್ಪಗ ಏನನ್ನಬೇಕಂತ ಅದ ಹೊಟ್ಟ್ಯಾಗ, ಅದನ್ನ ಅನ್ನು!" ಅಂತ ಬೈತಿದ್ಲು. ಹುಡುಗಿ ಮೊದಲು ನಗ್ತಿತ್ತು, ಆಮ್ಯಾಲ ನಾಚಿಗೊಂತಿತ್ತು, ಕಡೀಕ ಖರೇನ ಅಳ್ತಿತ್ತು. ನಾ ಮೂಲ್ಯಾಗ ಜ್ವಾಳ ಹಸನ ಮಾಡಕೋತ ಎಲ್ಲಾ ಕೇಳತಿದ್ದೆ.

ಆ ಅಳುವಿಗಿ ಒಂದು ಕಟ್ಟಳಿ ಅದ. ಕೊರಳಿಗಿ ಬಿದ್ದು ಅಂದ ಮಾತಿಗಿ ಯಾರೂ ಸಿಟ್ಟಾಗಂಗಿಲ್ಲ, ಯಾರೂ ಜವಾಬು ಕೇಳಂಗಿಲ್ಲ, ಯಾರೂ ಅದನ್ನ ಎತ್ತಿಗೊಂಡು ಹೋಗಿ ಮತ್ತೊಂದು ಕಡೀ ಆಡಂಗಿಲ್ಲ. ಅಪ್ಪಗ ಕಟುಕ ಅನ್ನು, ಅತ್ತೀಗಿ ಹಾವು ಅನ್ನು, ದೇವರಿಗಿ ಕಣ್ಣಿಲ್ಲ ಅನ್ನು. ಖರೇನೋ ಸುಳ್ಳೋ, ನ್ಯಾಯೋ ಅನ್ಯಾಯೋ, ಯಾರೂ ತೂಗಿ ನೋಡಂಗಿಲ್ಲ. ಅಳು ಮುಗೀತು, ಸೆರಗಿಲೆ ಕಣ್ಣ ಒರಸಿಗೊಂಡ್ರು, ಎದ್ದು ರೊಟ್ಟಿ ಬಡದ್ರು. ವರ್ಷಾನುಗಟ್ಲೆ ಬಾಯಿ ಮುಚ್ಚಿಗೊಂಡು ದುಡಿಯೋ ಹೆಂಗಸಿಗಿ ಬಾಯಿ ಬಿಡಾಕ ಇದ್ದದ್ದು ಅದೊಂದೇ ಜಾಗಾ. ಈ ಕಟ್ಟಳಿ ನನಗ ಗೊತ್ತಿದ್ದಿಲ್ಲ ಅಂತ ತಿಳೀಬ್ಯಾಡ್ರಿ. ಚಲೋತ್ನಂಗ ಗೊತ್ತಿತ್ತು.

ಅಕ್ಕ ನನಗಿಂತ ಆರು ವರ್ಷ ದೊಡ್ಡಾಕಿ. ನನ್ನ ಟೊಂಕದ ಮ್ಯಾಲ ಹೊತ್ತು ಬೆಳಿಸಿದಾಕಿ ಅಕಿನೇ, ಯಾಡಿ ಹೊಲಕ್ಕ ಹೋಗತಿದ್ಲು. ನನ್ನ ಮಾನ್ವಿ ಹಾಸ್ಟೆಲಿಗಿ ಸೇರಸಬೇಕಂತ ಹಟ ಹಿಡಿದದ್ದೂ ಅಕಿನೇ. ಅಪ್ಪ ಒಲ್ಲೆ ಅಂದ್ರ ಎರಡು ದಿನ ಉಣ್ಣಲಿಲ್ಲ. ತನಗ ಒಂದಕ್ಷರ ಬರತಿದ್ದಿಲ್ಲ. ದೇವದುರ್ಗದ ಸಂತ್ಯಾಗ ನನ್ನ ಕೈ ಹಿಡಕೊಂಡು ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಗೋಡಿ ಮ್ಯಾಲಿನ ಚೀಟಿ ಎಲ್ಲಾ ಓದಸ್ತಿದ್ಲು. "ಏ ಸಣ್ಣಾಕಿ, ಇಲ್ಲೇನ್ ಬರದಾರ? ಮತ್ತ ಇಲ್ಲಿ?" ನಾ ಓದಿ ಹೇಳಿದ್ರ, ಏನೋ ದೊಡ್ಡದು ಸಿಕ್ಕಂಗ ಮಂದಿ ಕಡೀ ನೋಡಿ ನಗತಿದ್ಲು. ಅಕಿ ಬರಹವನ್ನ ಅಷ್ಟು ನಂಬಿದ್ಲು.

ಹಾಸ್ಟೆಲಿನ್ಯಾಗ ನನ್ನ ಮಾತು ಕೇಳಿ ಹುಡುಗ್ಯಾರು ಬಿದ್ದು ಬಿದ್ದು ನಕ್ಕರು. ಮನ್ಯಾಗ ಲಂಬಾಣಿ ಮಾತು, ಸಂತ್ಯಾಗ ಕಲಿತ ಕನ್ನಡ, ಎರಡೂ ಕೂಡಿ ಕಿಚಡಿ. ನನಗ ಸಿಟ್ಟು ಭಾಳ. ನಕ್ಕವರ ಮುಂದ ತಪ್ಪಿಲ್ಲದಂಗ ಮಾತಾಡಿ ತೋರಸಬೇಕಂತ ಕನ್ನಡ ಕಲಿತೆ, ಅವರಿಗಿಂತ ಛಲೋ ಬರೀಬೇಕಂತ ಬರಿಯಾಕ ಹತ್ತಿದೆ. ನಮ್ಮ ಮಾತಿಗಿ ಲಿಪಿ ಇಲ್ಲ. ಯಾಡಿ ಕಲಿಸಿದ ಅಳುವನ್ನ ಕನ್ನಡ ಅಕ್ಷರದಾಗ ಇಳಿಸಿದ್ರ ಕನ್ನಡದ ಮಾಸ್ತರು "ಎಲ್ಲಿಂದ ತಂದೀಯವ್ವಾ ಇದನ್ನ?" ಅಂತ ಬೆರಗಾಗತಿದ್ರು. ನಂದೇ ರೀ, ಅಂತಿದ್ದೆ.

ಅಕ್ಕನ್ನ ಮಾನ್ವಿ ಕಡೀ ಒಂದು ತಾಂಡಾಕ್ಕ ಕೊಟ್ಟಿದ್ರು. ಮೊದಲು ಹೆಣ್ಣು ಹುಟ್ಟಿತು, ಆಮ್ಯಾಲ ಗಂಡು. ಆ ಗಂಡು ಕೂಸು ಅಂಬೆಗಾಲು ಇಡೋ ಹೊತ್ತಿಗಿ ಜ್ವರ ಬಂದು ತೀರಿಕೊಂತು. ನಾ ಆಗ ಸೂಟಿಗಿ ಹಾಸ್ಟೆಲಿನಿಂದ ತಾಂಡಾಕ್ಕ ಬಂದಿದ್ದೆ. ಅಕ್ಕ ಬರಾಕತ್ತಾಳ ಅಂತ ಸುದ್ದಿ ಬಂತು, ಯಾಡಿ ಕೈಯಾಗಿನ ಹಿಟ್ಟು ತೊಳಿಲಾರದಂಗೇ ತಾಂಡಾದ ಅಂಚಿಗಿ ಓಡಿದ್ಲು. ಇಬ್ಬರೂ ಕೊರಳಿಗಿ ಬಿದ್ದರು. ಹೆಂಗಸರು ಸುತ್ತ ಬಂದು ನಿಂತರು. ಅಕ್ಕ ಅವತ್ತು ಅತ್ತಂಗ ನಾ ಯಾರೂ ಅತ್ತದ್ದು ಕೇಳಿಲ್ಲ. ಕೂಸಿನ ಕಿವಿ ಬಿಸಿ ಆಗಿದ್ದು, ಹಾಲು ಒಲ್ಲೆ ಅಂದದ್ದು, ಮಾನ್ವಿ ದವಾಖಾನಿಗಿ ಹೋಗೋಣಂತ ಅಕಿ ಅತ್ತೀಗಿ ಕೈ ಮುಗದದ್ದು, ಒಂದೊಂದೇ ಹಾಡಿ ಹೇಳಿದ್ಲು. ಅವರ ಮನ್ಯಾಗ ಒಂದು ಕಣ್ಣಿಲ್ಲದ ಎಮ್ಮಿ ಇತ್ತು. ಆ ಎಮ್ಮಿ ಬಂತು ಅಳುವಿನ್ಯಾಗ:

"ಒಂಟಿಗಣ್ಣಿನ ಎಮ್ಮಿಗಿ ಮೇವು ಹಾಕಿ ಬಾ ಅಂದ್ಲು ನಮ್ಮತ್ತಿ, ಹಾಕಿ ಬರೋದ್ರಾಗ ನನ್ನ ಕೂಸು ಎರಡೂ ಕಣ್ಣ ಮುಚ್ಚಿತು, ಯಾಡೀ."

ಸುತ್ತ ನಿಂತ ಹೆಂಗಸರು ಹೋ ಅಂತ ಒಂದೇ ದನಿಲೆ ಅತ್ತರು. ನನ್ನ ಮೈ ಝುಂ ಅಂತು. ಅಕ್ಕನ ದುಃಖಕ್ಕಲ್ಲ, ಆ ಸಾಲಿಗಿ. ಖರೇ ಹೇಳ್ತೀನಿ, ಆ ಸಾಲಿಗೇ. ನಾ ಗುಡಿಸಲ ಹಿಂದಕ್ಕ ಹೋದೆ. ಅಕ್ಕ ಇನ್ನೂ ಬಿಕ್ಕಾಕತ್ತಿದ್ಲು, ನಾ ಪೆನ್ಸಿಲ್ ಚೂಪು ಮಾಡಾಕತ್ತಿದ್ದೆ. ಒಂದು ಶಬ್ದ ಬಿಡಲಾರದಂಗ ನೋಟ್‌ಬುಕ್ಕಿನ್ಯಾಗ ಬರಕೊಂಡೆ.

ಆಮ್ಯಾಲ ನನಗ ರಾಯಚೂರಿನ್ಯಾಗ ಪ್ರೈಮರಿ ಶಾಲಿ ಟೀಚರ್ ನೌಕರಿ ಸಿಕ್ತು. ಎಂಬತ್ತರ ದಶಕದ ಮೊದಲಿನ ವರ್ಷಗಳು ಅವು. ಸ್ಟೇಷನ್ ಕಡೀ ಒಂದು ಖೋಲಿ, ಬಾಜೂಕ ಅಕ್ಕಿ ಮಿಲ್ಲು. ಒಗೆದು ಹಾಕಿದ ಸೀರಿ ಒಣಗೋದ್ರಾಗ ಮಿಲ್ಲಿನ ಹೊಟ್ಟು ಕುಂತು ತುರಿಸಾಕ ಹತ್ತತಿತ್ತು. ಶಾಲಿ ಬಿಟ್ಟ ಮ್ಯಾಲ ಒಂದು ವಾರಪತ್ರಿಕಿ ಪ್ರೆಸ್ಸಿಗಿ ಹೋಗತಿದ್ದೆ. ಪತ್ರಿಕಿ ಯಜಮಾನರು ವಯಸ್ಸಾದ ಸಾಹೇಬರು. ಮನ್ಯಾಗ ದಖನಿ ಉರ್ದು ಆಡೋರು, ಬರಿಯೋದು ಮಾತ್ರ ಕನ್ನಡ, ಅದೂ ಏನ್ ಕನ್ನಡ ಅಂತೀರಿ! ನನ್ನ ಕವಿತಾ ನಾಲ್ಕೈದು ಹಾಕಿದ್ರು. "ಬೇಟೀ, ನೀನು ಕಾದಂಬರಿ ಬರಿ. ವಾರಕ್ಕೊಂದು ಕಂತು ಹಾಕತೀನಿ. ನಿಮ್ಮ ಮಂದಿ ಬದುಕು ನಿಮ್ಮವರೇ ಬರದದ್ದು ಇಲ್ಲೆಲ್ಲೂ ಇಲ್ಲ" ಅಂದ್ರು. ನನಗ ಕಾಲು ನೆಲದ ಮ್ಯಾಲ ನಿಲ್ಲಲಿಲ್ಲ.

ಮೂರನೇ ಕಂತಿನ್ಯಾಗ ಕೂಸು ಸಾಯತದ. ಊರಿನ ಹೆಸರು ಹಾಕಲಿಲ್ಲ, ಅಕ್ಕಗ ಬ್ಯಾರೆ ಹೆಸರಿಟ್ಟೆ, ಉದ್ದ ಇದ್ದ ಅತ್ತೀನ್ನ ಗಿಡ್ಡಾಕಿ ಮಾಡಿದೆ. ಎಲ್ಲಾ ಬದಲಾಯಿಸಿದೆ, ಎಮ್ಮಿ ಒಂದನ್ನ ಬಿಟ್ಟು. ಒಂದು ಸಲ ಆ ಸಾಲು ಹೊಡದು ಹಾಕಿದ್ದೆ, ಸುಳ್ಳಲ್ಲ. ಹೊಡದ ಮ್ಯಾಲ ಓದಿ ನೋಡಿದ್ರ ಕಂತು ಉಪ್ಪಿಲ್ಲದ ಸಾರು. ಮರುದಿನ ಶಾಲ್ಯಾಗ ಹುಡುಗರಿಗಿ ಮಗ್ಗಿ ಹೇಳಸಕೋತ ಅದೇ ಚಿಂತಿ. ಸಂಜಿಕ ಹೋಗಿ ಮತ್ತ ಬರದೆ. ಸಾಹೇಬರು ಪ್ರೂಫ್ ಓದಿ ಕನ್ನಡಕ ತೆಗದ್ರು.

"ಬೇಟೀ, ಈ ಎಮ್ಮಿ ಎಲ್ಲ್ಯಾದ್ರೂ ಖರೇನ ಅದ ಏನು?"

"ಇಲ್ರಿ. ಕಲ್ಪನಾ."

"ಹಂಗಾದ್ರ ಭಾಳ ಛಲೋ ಕಲ್ಪನಾ. ಇರಲಿ."

ನಮ್ಮ ತಾಂಡಾದಾಗ ಯಾರು ಓದತಾರ ಅನ್ನೋದು ಒಂದು ಧೈರ್ಯ. ಅದಕ್ಕಿಂತ ದೊಡ್ಡ ಹುಚ್ಚು ಇನ್ನೊಂದಿತ್ತು. ಅಚ್ಚಾಗೋದೂ ಕೊರಳಿಗಿ ಬಿದ್ದು ಅತ್ತಂಗೇ ಅಂತ ನಾ ತಿಳಕೊಂಡಿದ್ದೆ. ಓದಿದವರು ಕಣ್ಣ ಒರಸಿಗೊಂತಾರ, ಎದ್ದು ತಮ್ಮ ಕೆಲಸಕ್ಕ ಹೋಗತಾರ, ಯಾರ ಮ್ಯಾಲೂ ಏನೂ ಬರಂಗಿಲ್ಲ ಅಂತ. ಅಳುವಿಗಿ ಇದ್ದ ಮಾಫಿ ಕಾಗದಕ್ಕೂ ಅದ ಅಂತ. ಓದಿದಾಕಿ ನಾನು, ಎಂಥಾ ದಡ್ಡಿ ನೋಡ್ರಿ. ಓದಲಾರದ ನಮ್ಮ ಯಾಡಿ ಇಂಥಾ ತಪ್ಪು ಮಾಡತಿದ್ದಿಲ್ಲ.

ಅಕ್ಕನ ಮೈದುನ ಏಳನೇತ್ತದ ತನಕ ಓದಿದ್ದ. ಮಾನ್ವ್ಯಾಗ ಕಚೇರಿ ಜವಾನ. ಮದುವಿ ಗೊತ್ತಾಗಿತ್ತು ಅವಗ. ಬಸ್ ಸ್ಟ್ಯಾಂಡಿನ ಅಂಗಡ್ಯಾಗ ಪತ್ರಿಕಿ ಮ್ಯಾಲ ನನ್ನ ಹೆಸರು ಕಂಡು ಹಿಗ್ಗಿದನಂತ. ಕೊಂಡುಕೊಂಡು ತಾಂಡಾಕ್ಕ ಬಂದು, ಐತವಾರ ಮುಂಜಾನಿ ಎಲ್ಲಾರ್ನೂ ಕರದ. "ನಮ್ಮ ಅತ್ತಿಗಿಯ ತಂಗಿ ಬರದಾಳ! ನಮ್ಮ ಮಂದಿ ಬಗ್ಗೆ ಬರದಾಳ!" ಅಂತ ಕಟ್ಟಿ ಮ್ಯಾಲ ನಿಂತು ಓದಾಕ ಹತ್ತಿದ. ಅಕ್ಕನ ಅತ್ತಿ ಗದ್ದಲ ಮಾಡೋ ಹುಡುಗ್ರನ್ನ ಗದರಿಸಿ ಸುಮ್ಮನಿರಿಸಿದ್ಲಂತ. "ಬಾರೇ, ಮುಂದ ಕುಂದ್ರು, ನಿನ್ನ ತಂಗೀದು" ಅಂತ ಅಕ್ಕನ್ನ ಕರದು ತನ್ನ ಬಾಜೂಕ ಕುಂದ್ರಿಸಿಗೊಂಡ್ಲಂತ. ಅವ ಅಕ್ಷರ ಕೂಡಿಸಿ ಕೂಡಿಸಿ ಓದಾಂವ. ಎಮ್ಮಿ ಸಾಲು ಬಂದಾಗ ಅದು ಏನಂತ ಅವಗ ತಿಳಿಯೋದ್ರಾಗ ಪೂರಾ ಓದಿ ಮುಗಿಸಿಬಿಟ್ಟಿದ್ದ. ಎಮ್ಮಿ ಅಲ್ಲೇ ಎದುರಿಗೇ ಕಟ್ಟಿತ್ತು.

ಅತ್ತಿ ಎದ್ದು ಒಳಗ ಹೋದ್ಲು. ಹೊತ್ತು ಏರೋದ್ರಾಗ ಅಕ್ಕನ್ನ ಮನಿ ಹೊರಗ ಹಾಕಿದ್ರು. ಮಗಳು ಆಗ ಐದು ವರ್ಷದಾಕಿ. "ಕೂಸು ನಮ್ಮ ಮನೀದು, ನೀ ಹೋಗು" ಅಂದ್ರು. ಅಕ್ಕನ ಗಂಡ ಬಾಯಿ ಸತ್ತಾಂವ, ಅವ್ವನ ಮಾತಿಗಿ ಎದುರಾಡಿದಾಂವಲ್ಲ. ಅಕ್ಕ ಉಟ್ಟ ಬಟ್ಟಿ ಮ್ಯಾಲ, ಆ ಪತ್ರಿಕಿ ಒಂದನ್ನ ಹಿಡಕೊಂಡು ನಮ್ಮ ತಾಂಡಾಕ್ಕ ಬಂದ್ಲು.

ಎರಡು ದಿನಕ್ಕ ಯಾಡಿ ನನ್ನ ಶಾಲಿಗಿ ಬಂದ್ಲು. ನಡು ಮಧ್ಯಾಹ್ನ, ನಾ ಮೂರನೇತ್ತದ ಹುಡುಗರಿಗಿ ಪಾಠ ಹೇಳಾಕತ್ತಿದ್ದೆ. ಬಾಗಲದಾಗ ಕನ್ನಡಿ ಹಚ್ಚಿದ ಲಂಗ, ಕೈ ತುಂಬ ಬಳಿ ಕಂಡು ಹುಡುಗ್ರು ಕಿಸಕ್ಕಂತ ನಕ್ಕವು. ನಾ ಹೊರಗ ಬಂದೆ. ಯಾಡಿ ಪಡಸಾಲ್ಯಾಗ ಕುಂತು ಗಂಟು ಬಿಚ್ಚಿ ಪತ್ರಿಕಿ ತೆಗದ್ಲು. ಅದು ಮಡಚಿ ಮಡಚಿ ಹರಿಯಾಕ ಬಂದಿತ್ತು.

"ಓದು."

"ಯಾಡೀ, ಏನಾತು? ಅಕ್ಕ ಆರಾಮ ಅದಾಳಿಲ್ಲೋ?"

"ಮೊದಲು ಓದು."

ಓದಿದೆ. ಕನ್ನಡದಾಗ ಬರದದ್ದನ್ನ ನಮ್ಮ ಮಾತಿನ್ಯಾಗ ಹೊರಳಿಸಿ ಓದಿದೆ. ಅಕಿ ಕಣ್ಣ ಮುಚ್ಚಿಗೊಂಡು, ಹುಡುಗ್ಯಾರು ಒಪ್ಪಸೋದನ್ನ ಕೇಳಿದಂಗ ತಲಿ ಹಾಕಕೋತ ಕೇಳಿದ್ಲು. ಮುಗಿದ ಮ್ಯಾಲ ಕಣ್ಣ ತೆಗದ್ಲು. "ಹೌದು. ಅಕಿ ಹಂಗೇ ಅತ್ತಿದ್ಲು. ಒಂದು ಮಾತೂ ತಪ್ಪಿಲ್ಲ" ಅಂದ್ಲು. ಹಂಗಂದು ಹಣಿ ಹಣಿ ಬಡಕೊಂಡ್ಲು. ಆಮ್ಯಾಲ ತಾಂಡಾದಾಗ ನಡದದ್ದೆಲ್ಲಾ ಹೇಳಿದ್ಲು.

ಮರುದಿನ ರಜಾ ಹಾಕಿ ತಾಂಡಾಕ್ಕ ಹೋದೆ. ಅಕ್ಕ ಗುಡಿಸಲ ಬಾಗಲದಾಗ ಹಾದಿ ನೋಡಕೋತ ಕುಂತಿದ್ಲು. ಬೈತಾಳ, ಕೂದಲ ಹಿಡದು ಜಗ್ಗತಾಳ ಅಂತ ಹೋಗಿದ್ದೆ. ಹಂಗ ಮಾಡಿದ್ರ ನನಗ ಹಗುರಾಗತಿತ್ತು. ಅಕಿ ಒಂದೂ ಬಿರುಸು ಮಾತು ಆಡಲಿಲ್ಲ. "ನೀ ಓದಿದಾಕಿ. ಮಂದಿ ಗೊತ್ತದಾರ ನಿನಗ. ನನ್ನ ಮಗಳನ್ನ ತಂದುಕೊಡು" ಅಂದ್ಲು. ಅಷ್ಟೇ. ಉಣ್ಣು ಅಂದ್ರ ಉಣ್ಣಂಗಿಲ್ಲ. ಮಗಳ ಕುಬುಸ ಒಂದು ಹೆಂಗೋ ಅಕಿ ಕೈಯಾಗ ಬಂದಿತ್ತು, ಅದನ್ನ ತೊಡಿ ಮ್ಯಾಲ ಇಟ್ಟುಕೊಂಡು ಅದರ ಸುಕ್ಕು ತೀಡ್ತಿದ್ಲು.

ರಾಯಚೂರಿಗಿ ಬಂದು ಸಾಹೇಬರ ಮುಂದ ಎಲ್ಲಾ ಹೇಳಿದೆ. "ಕಲ್ಪನಾ ಅಂತ ಅಂದಿದ್ದಿಯಲ್ಲ ಬೇಟೀ" ಅಂದ್ರು. ಹೌದ್ರಿ, ಅಂದಿದ್ದೆ. ಅವರೇ ವಕೀಲರ ಹತ್ರ ಕರಕೊಂಡು ಹೋದ್ರು. ಕೋರ್ಟಿಗಿ ಹೋದ್ರ ಕೂಸು ತಾಯಿಗೇ ಬರತದ, ಆದ್ರ ಯಾವಾಗ ಬರತದಂತ ಹೇಳಾಕ ಬರಂಗಿಲ್ಲ, ಅಷ್ಟರಾಗ ಕೂಸು ತಾಯಿನ್ನ ಮರತಿರತದ ಅಂದ್ರು ವಕೀಲರು. ಅಕ್ಕನ ಮುಂದ ಇದನ್ನ ಹೆಂಗ ಹೇಳಬೇಕು? ಹೇಳಲಿಲ್ಲ. ಒಬ್ಬಾಕಿನೇ ಮಾನ್ವಿ ಬಸ್ ಹತ್ತಿದೆ.

ಅವರ ತಾಂಡಾದಾಗ ಯಾರೂ ಕುಂದ್ರು ಅನ್ನಲಿಲ್ಲ, ನೀರು ಕೊಡಲಿಲ್ಲ. ಅಕ್ಕನ ಮಗಳು ಬಾಗಲ ಮರಿಗಿ ನಿಂತು ನನ್ನ ಹಿಂದ ನೋಡಾಕತ್ತಿತ್ತು, ಅವ್ವ ಬಂದಾಳೇನಂತ. ಇಲ್ಲಂತ ತಿಳದ ಕೂಡಲೇ ಒಳಗ ಓಡಿ ಹೋತು. ನಾ ಹೋಗಿ ಅಕ್ಕನ ಅತ್ತಿ ಕಾಲು ಹಿಡದೆ. ನನ್ನ ಕಾದಂಬರಿಯಾಗ ಅಕಿ ರಾಕ್ಷಸಿ ಆಗಿದ್ಲು. ಎದುರಿಗಿ ಕುಂತಾಕಿ ಮೈಯಾಗಿನ ರಕ್ತ ಎಲ್ಲಾ ಇಳದಂಗ ಆದ ಮುದುಕಿ.

"ಏನ್ ಟೀಚರವ್ವಾ, ಕಾಲು ಹಿಡದದ್ದೂ ಬರೀತೀಯೇನು?" ಅಂದ್ಲು.

"ತಪ್ಪಾತು. ನಂದು ತಪ್ಪು, ಅಕ್ಕಂದಲ್ಲ. ಕೂಸಿನ್ನ ಕೊಡ್ರಿ."

"ನಿನಗ ಏನ್ ಗೊತ್ತದ? ಆ ಎಮ್ಮಿ ಮಾತು ನಾ ಪೇಪರಿನ್ಯಾಗ ಮೊದಲು ಕೇಳಿದೆ ಅಂತ ತಿಳದೀಯೇನು? ಕೂಸು ಸತ್ತ ದಿನ ನಿಮ್ಮಕ್ಕ ನನ್ನ ಕೊರಳಿಗೇ ಬಿದ್ದು ಅದನ್ನ ಅತ್ತಾಳ. ಮೊಟ್ಟ ಮೊದಲು ನನ್ನ ಕೊರಳಿಗಿ. ನಾನೂ ಅತ್ತೀನಿ. ದಿನಾ ಹಾಕೋ ಮೇವು, ಹಾಕಿ ಬಾ ಅಂದೆ, ನನ್ನ ಬಾಯಿಗಿ ಹುಳ ಬೀಳಲಿ ಅಂತ ಅಕಿ ಕೊರಳಿಗಿ ನಾ ಬಿದ್ದು ಅತ್ತೀನಿ. ಎರಡು ವರ್ಷ ಆತು, ಕೂಡಿ ಅಳ್ತೀವಿ, ಎದ್ದು ಕೂಡಿ ಉಣ್ತೀವಿ. ನಾ ಅಕಿಗಿ ಒಂದಿನ ಏನರ ಅಂದೀನೇನು ಕೇಳು. ನೀ ಅದನ್ನ ಒಯ್ದು ಬಜಾರದಾಗ ಇಟ್ಟಿ. ಮಾನ್ವಿ ಸಂತ್ಯಾಗ ನನಗ ಎಮ್ಮಿ ಮುದುಕಿ ಅಂತಾರ. ಸಣ್ಣ ಮಗನ ಮದುವಿ ಮುರೀತು, ಕೂಸು ಕೊಂದ ಮನಿಗಿ ಹೆಣ್ಣು ಕೊಡಂಗಿಲ್ಲ ಅಂದ್ರು. ಇನ್ನ ಅಕಿನ್ನ ನಾ ಯಾವ ಮುಖದಲೆ ಕರಕೊಳ್ಳಲಿ?"

ನಾ ಕೇಳಿದ್ದು ಅಕ್ಕನ ಅಳುವಿನ ಅರ್ಧ. ಇನ್ನರ್ಧ ಅತ್ತಿ ಕೊರಳಿನ್ಯಾಗ ಇತ್ತು, ಅದು ನನಗ ಗೊತ್ತೇ ಇದ್ದಿಲ್ಲ. ಅರ್ಧ ಕೇಳಿ ಅದೇ ಪೂರಾ ಅಂತ ಬರದಿದ್ದೆ. ಬರೋವಾಗ ಎಲ್ಲಿ ಬಸ್ ಹತ್ತಿದೆ, ಎಲ್ಲಿ ಇಳದೆ ನೆನಪಿಲ್ಲ.

ಆಮ್ಯಾಲ ಎರಡೂ ತಾಂಡಾದ ನಾಯಕರ ನಡುವ ಮಂದಿ ಓಡಾಡಿದ್ರು. ನಮ್ಮಲ್ಲಿ ಇಂಥಾ ಜಗಳ ತಾಂಡಾದ ನಾಯಕನ ಮುಂದೇ ಮುಗೀಬೇಕು. ತಿಂಗಳ ಮ್ಯಾಲ ಆತು, ಅಕ್ಕ ಕಡ್ಡಿ ಆಗಿದ್ಲು. ಕಡೀಕ ಒಂದು ಮಾತು ಬಂತು. ಬರದಾಕಿ ಪಂಚರ ಮುಂದ ನಿಂತು, ಬರದದ್ದೆಲ್ಲಾ ಸುಳ್ಳು, ಅಕ್ಕ ಹಂಗ ಅತ್ತೇ ಇಲ್ಲ, ನಾನೇ ಹುಟ್ಟಿಸಿದ್ದು ಅಂತ ಹೇಳಬೇಕು. ಅದೇ ಪತ್ರಿಕಿಯಾಗ ಹಂಗಂತ ಹಾಕಸಬೇಕು. ಅಕ್ಕನೂ ಹೌದನ್ನಬೇಕು. ಹಂಗಾದ್ರ ಅಕಿ ಮನಿ ಅಕಿಗಿ, ಮಗಳು ಅಕಿಗಿ.

ನನಗ ಹೋದ ಜೀವ ಬಂದಂಗಾತು. ಇಷ್ಟೇ ಏನು? ಸುಳ್ಳು ಅನ್ನೋದು ಎಷ್ಟರ ಮಾತು! ಕಾದಂಬರಿ ಬ್ಯಾಡ, ಹೆಸರು ಬ್ಯಾಡ, ಕಂತು ಇವತ್ತೇ ನಿಲ್ಲಲಿ ಅಂದೆ. ಸಾಹೇಬರು ಮೊದಲನೇ ಪುಟದಾಗೇ ಹಾಕಿದ್ರು: ಆ ಕಂತಿನ್ಯಾಗ ಬಂದ ಮನಿ, ಮಂದಿ, ಎಮ್ಮಿ ಎಲ್ಲಾ ಬರದಾಕಿ ಹುಟ್ಟಿಸಿದ್ದು, ಯಾರಿಗೂ ಸಂಬಂಧ ಇಲ್ಲ. ಯಾಡಿಗಿ ಅದನ್ನ ಓದಿ ಹೇಳಿ, "ನೋಡು, ಎಲ್ಲಾ ನನ್ನ ತಲಿ ಮ್ಯಾಲ ತಗೊಂಡೀನಿ" ಅಂದೆ. ಯಾಡಿ ಏನೂ ಅನ್ನಲಿಲ್ಲ. ಅಕಿ ಸುಮ್ಮನಿದ್ದದ್ದು ಯಾಕಂತ ನಾ ಯೋಚನಿ ಮಾಡಲಿಲ್ಲ. ಮಗಳು ಸಿಗತಾಳ ಅನ್ನೋದೊಂದೇ ನನ್ನ ತಲ್ಯಾಗ ಇತ್ತು.

ಐತವಾರ ಮುಂಜಾನಿ ಅವರ ತಾಂಡಾದ ಬೇವಿನ ಗಿಡದ ಕೆಳಗ ಪಂಚರು ಕುಂತರು. ಈ ಕಡೀ ನಾನು, ಅಕ್ಕ, ಯಾಡಿ. ಆ ಕಡೀ ಅತ್ತಿ, ಅಕಿ ತೊಡಿ ಮ್ಯಾಲ ಅಕ್ಕನ ಮಗಳು. ಕೂಸು ಅವ್ವನ್ನ ಕಂಡು ಎದ್ದು ಓಡಾಕ ಕೊಸರಾಡತಿತ್ತು, ಮುದುಕಿ ಬಿಗಿ ಹಿಡದಿದ್ಲು. ಮೈದುನ ಪತ್ರಿಕಿಯಾಗಿನ ತಪ್ಪೊಪ್ಪಿಗಿ ಎಲ್ಲಾರಿಗೂ ಕೇಳೋಹಂಗ ಓದಿದ. ನಾಯಕ ನನಗ ಏಳು ಅಂದ. ನಾ ಎದ್ದು ನಿಂತು ಹೇಳಿದೆ, ಛಲೋ ಹೇಳಿದೆ, ಎಲ್ಲೂ ತೊದಲಲಿಲ್ಲ: "ನಾ ಬರದದ್ದು ಸುಳ್ಳು. ಕೂಸಿಗಿ ಜ್ವರ ಬಂದಿತ್ತು, ತೀರಿಕೊಂತು. ಯಾರೂ ಯಾರನ್ನೂ ತಡೀಲಿಲ್ಲ. ಎಮ್ಮಿ ಮಾತು ನಮ್ಮಕ್ಕ ಅಂದೇ ಇಲ್ಲ. ಪುಸ್ತಕ ಚಂದ ಆಗಲಂತ ನಾ ಕಟ್ಟಿದ್ದು."

ಅಲ್ಲಿ ಕುಂತ ಒಬ್ಬೊಬ್ಬ ಹೆಂಗಸಿಗೂ ಅದು ಸುಳ್ಳಂತ ಗೊತ್ತಿತ್ತು. ಎಲ್ಲಾರೂ ನೆಲ ನೋಡಾಕತ್ತಿದ್ರು. ನಾಯಕ ಅಕ್ಕನ ಕಡೀ ಹೊರಳಿದ.

"ನೀ ಹೇಳವ್ವಾ. ಹಂಗ ಅತ್ತೀಯೋ ಇಲ್ಲೋ?"

ಅಕ್ಕ ಎದ್ದಳು. ಒಂದು ಸಲ ಮಗಳ ಕಡೀ ನೋಡಿದ್ಲು. ಒಂದು ಸಲ ಅತ್ತಿ ಕಡೀ ನೋಡಿದ್ಲು. ಹೇಳೇ, ಹೇಳಿಬಿಡೇ ಅಂತ ನಾ ಹೊಟ್ಟ್ಯಾಗೇ ಅನಕೊಂಡೆ. ಇಷ್ಟು ಸಣ್ಣ ಮಾತಿಗಿ ಇಷ್ಟು ಹೊತ್ತು ಯಾಕಂತ ನನಗ ಸಿಟ್ಟೂ ಬಂತು, ದೇವರಾಣಿ. ನಾಯಕ ಮತ್ತೊಂದು ಸಲ ಕೇಳಿದ.

"ಇಲ್ಲ" ಅಂದ್ಲು ಅಕ್ಕ. "ನಾ ಹಂಗ ಅತ್ತಿಲ್ಲ. ನನ್ನ ಮಗ ಜ್ವರ ಬಂದು ಸತ್ತ. ಹಂಗ ನಾ ಎಂದೂ ಅತ್ತಿಲ್ಲ."

ಅಕಿ ಅತ್ತಿ ತನ್ನ ಸೆರಗು ಮುಖಕ್ಕ ಹಾಕಿಕೊಂಡ್ಲು. ತೊಡಿ ಮ್ಯಾಲಿನ ಕೈ ಸಡಿಲಾತು, ಕೂಸು ಓಡಿ ಬಂದು ಅಕ್ಕನ ಲಂಗಕ್ಕ ಜೋತುಬಿತ್ತು. ಮುಗೀತು, ಏಳ್ರಿ ಅಂತ ನಾಯಕ ಎದ್ದ. ಗಂಡಸರು ಬೀಡಿ ಹಚ್ಚಿದ್ರು. ಯಾರೋ ಬೆಲ್ಲ ಹಂಚಿದ್ರು. ನಾ ಬೆಲ್ಲ ಬಾಯಾಗ ಹಾಕಿಕೊಂಡು, ನಗಕೋತ, ಅಕ್ಕನ ಹತ್ರ ಹೋದೆ. ಅಕಿ ಮಗಳನ್ನ ಎತ್ತಿಗೊಂಡು, ಕೆದರಿದ ಕೂದಲ ಬೆರಳಿಲೆ ಹಿಕ್ಕಾಕತ್ತಿದ್ಲು.

"ಅಕ್ಕಾ, ಸಿಕ್ಕಳಲ್ಲ!" ಅಂದೆ.

"ಸಿಕ್ಕಳು." ಅಕಿ ಕೂದಲ ಹಿಕ್ಕೋದು ಬಿಡಲಿಲ್ಲ. "ಪಂಚರ ಮುಂದ ಹೇಳೀನಿ, ಹಂಗ ಅತ್ತಿಲ್ಲ ಅಂತ. ಇನ್ನ ಸತ್ತ ಮಗನ್ನ ನೆನಸಿ ಹಂಗ ಅಳಾಕ ಬರಂಗಿಲ್ಲ ನನಗ. ಯಾಡಿ ಮುಂದೂ ಇಲ್ಲ, ಅತ್ತಿ ಮುಂದೂ ಇಲ್ಲ. ಅತ್ತರ, ಸುಳ್ಳಿ ಅಂತಾರ. ಒಂದು ಫೋಟೋ ಇಲ್ಲ, ಏನಿಲ್ಲ. ಅವಂದು ಅಂತ ನನ್ನ ಹತ್ರ ಅದೊಂದೇ ಇತ್ತು."

ದನಿಯಾಗ ಸಿಟ್ಟು ಇದ್ದಿಲ್ಲ. ಹೇಳಿ, ಮಗಳನ್ನ ಟೊಂಕದ ಮ್ಯಾಲ ಸರಿ ಮಾಡಿಕೊಂಡು, ಅತ್ತಿ ಹಿಂದ ಮನಿ ಕಡೀ ನಡದ್ಲು. ನಾ ಅಲ್ಲೇ ಗಿಡದ ಕೆಳಗ ಕುಂತು ಜೋರಾಗಿ ಅಳಾಕ ಹತ್ತಿದೆ. ನನಗ ಅಳಬ್ಯಾಡ ಅಂತ ಯಾರೂ ಅಂದಿದ್ದಿಲ್ಲ.